ಅರವತ್ತೈದೋ, ಅರವತ್ತೇಳೋ?

ವಿಮಾನ ಚಾಲಕರ ಕಡ್ಡಾಯ ನಿವೃತ್ತಿಯ ವಯಸ್ಸನ್ನು 65ರಿಂದ 67ಕ್ಕೆ ಏರಿಸಬೇಕೆ ಎಂಬ ಚರ್ಚೆ ಅಮೆರಿಕದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಅಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಮೊನ್ನೆ ದೂರವಾಣಿಯಲ್ಲಿ, "ಮಾವ, ನೀವು ಕೂತ ವಿಮಾನವನ್ನು 67 ವರ್ಷದ ಅಜ್ಜ ಹಾರಿಸುತ್ತಿದ್ದರೆ ನಿಮಗೆ ಭಯವಾಗುವುದಿಲ್ಲವೆ?" ಎಂದು ಕೇಳಿದ. ಆ ವಯಸ್ಸನ್ನು ದಾಟಿ ಎಷ್ಟೋ ಕಾಲವಾದ ನನ್ನನ್ನೇ ಕೇಳಿದನಲ್ಲ ಎಂದು ನಗು ಬಂತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಫೋನಿನಲ್ಲಿ ಅವನಿಗೆ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯು 1959ರಲ್ಲಿ ಒಂದು ನಿಯಮ ಮಾಡಿತು. 60 ವರ್ಷ ತುಂಬಿದವರು ಪ್ರಯಾಣಿಕ ವಿಮಾನಗಳನ್ನು ಹಾರಿಸಕೂಡದು ಎಂಬುದು ಆ ನಿಯಮ. ಅದು 1960ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ವಯಸ್ಸಾದಂತೆ ಹೃದಯಾಘಾತದಂಥ ಹಠಾತ್ ಅಪಾಯ ಹೆಚ್ಚುತ್ತದೆ, ಯಾರಿಗೆ ಯಾವಾಗ ಎಂಬುದನ್ನು ವೈದ್ಯರು ಮುಂಚಿತವಾಗಿ ಹೇಳಲಾರರು ಎಂಬುದು ಆಗ ಕೊಟ್ಟ ಕಾರಣ. ಇದಕ್ಕೆ ಇನ್ನೊಂದು ಮುಖವೂ ಉಂಟು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಗೆ ತನ್ನ ಪೈಲಟ್‌ಗಳನ್ನು 60ಕ್ಕೆ ನಿವೃತ್ತಿಗೊಳಿಸುವ ವಿಷಯದಲ್ಲಿ ಅವರ ಸಂಘದೊಡನೆ ವಿವಾದವಿತ್ತು. ಅದರ ಮುಖ್ಯಸ್ಥ ಸಿ. ಆರ್. ಸ್ಮಿತ್ ಅವರು ಆಡಳಿತ ಸಂಸ್ಥೆಯ ಮುಖ್ಯಸ್ಥ ಎಲ್‌ವುಡ್ ಕ್ವೆಸಾಡಾ ಅವರಿಗೆ ಪತ್ರ ಬರೆದು, ಇಂಥ ನಿಯಮವನ್ನು ಸರ್ಕಾರವೇ ಮಾಡಬೇಕೆಂದು ಕೋರಿದರು. ನಿಯಮವೂ ಬಂತು. ಕ್ವೆಸಾಡಾ ಅವರು 1961ರಲ್ಲಿ ಸರ್ಕಾರಿ ಹುದ್ದೆ ಬಿಟ್ಟ ಮೇಲೆ ಅದೇ ಸಂಸ್ಥೆಯ ನಿರ್ದೇಶಕ ಮಂಡಳಿಯನ್ನು ಸೇರಿದರು. ಓದುಗರು ತಮಗೆ ತೋಚಿದ ಅರ್ಥವನ್ನು ಮಾಡಿಕೊಳ್ಳಬಹುದು.

ಪೈಲಟ್‌ಗಳ ಸಂಘದ ನಡೆ ಇನ್ನೂ ಸ್ವಾರಸ್ಯಕರವಾದುದು. ಮೊದಲು ಈ ನಿಯಮವನ್ನು ತೀವ್ರವಾಗಿ ವಿರೋಧಿಸಿದ ಸಂಘವೇ ಮುಂದೆ ದಶಕಗಳ ಕಾಲ ಅದನ್ನು ಸಮರ್ಥಿಸಿತು. ಅಲ್ಲಿ ಎಲ್ಲವೂ ಜ್ಯೇಷ್ಠತಾ ಪಟ್ಟಿಯಂತೆಯೇ ನಡೆಯುತ್ತದೆ. ಯಾರು ಯಾವ ವಿಮಾನ ಹಾರಿಸಬೇಕು, ಯಾರು ಕ್ಯಾಪ್ಟನ್ ಆಗಬೇಕು, ಹಬ್ಬದ ದಿನ ಯಾರಿಗೆ ರಜೆ ಎಂಬುದನ್ನೆಲ್ಲ ಸೇವೆಗೆ ಸೇರಿದ ದಿನಾಂಕ ನಿರ್ಧರಿಸುತ್ತದೆ. ಮೇಲಿನವನು ಹೋಗದೆ ಕೆಳಗಿನವನಿಗೆ ಸ್ಥಾನವಿಲ್ಲ. 2001ರ ನಂತರ ವಿಮಾನ ಸಂಸ್ಥೆಗಳು ಒಂದೊಂದಾಗಿ ದಿವಾಳಿ ಅರ್ಜಿ ಹಾಕಿದವು. 2005ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ನೌಕರರ ಪಿಂಚಣಿ ಯೋಜನೆಗಳನ್ನೇ ಕೈಬಿಟ್ಟಿತು. ಪಿಂಚಣಿ ಕರಗಿದ ಮೇಲೆ ಇನ್ನೈದು ವರ್ಷ ದುಡಿಯಬೇಕೆಂಬ ಆಸೆ ಹಿರಿಯರಲ್ಲಿ ಹುಟ್ಟಿತು. 2007ರಲ್ಲಿ ಸಂಘ ಮತ್ತೆ ನಿಲುವು ಬದಲಿಸಿತು. ಈ ನಡುವೆ ಮನುಷ್ಯನ ಹೃದಯವಾಗಲಿ ಕಣ್ಣಾಗಲಿ ಬದಲಾಗಿರಲಿಲ್ಲ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2006ರ ನವೆಂಬರ್‌ನಲ್ಲಿ ಮಿತಿಯನ್ನು 65ಕ್ಕೆ ಏರಿಸಿತು. ಜೊತೆಯಲ್ಲಿ ಕೂರುವ ಇನ್ನೊಬ್ಬ ಪೈಲಟ್ 60ರ ಒಳಗಿರಬೇಕೆಂಬ ಷರತ್ತನ್ನು ಹಾಕಿ, ಅದನ್ನೂ 2014ರಲ್ಲಿ ತೆಗೆದುಹಾಕಿತು. ಅಮೆರಿಕದಲ್ಲಿ 65ರ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದುದು 2007ರ ಡಿಸೆಂಬರ್ 13ರಂದು. ಅದಕ್ಕೆ ಮುಂಚೆ 60 ತುಂಬಿ ಮನೆಗೆ ಹೋದವರಿಗೆ ಹಳೆಯ ಸ್ಥಾನ ಸಿಗಲಿಲ್ಲ. ಮರಳಬೇಕಾದರೆ ಹೊಸದಾಗಿ ಸೇರಿದವರಂತೆ ಪಟ್ಟಿಯ ಬುಡದಿಂದ ಆರಂಭಿಸಬೇಕಾಗಿತ್ತು. ಹಿಂದಿನ ದಿನ ಹುಟ್ಟಿದವನು ಅಸಮರ್ಥ, ಮರುದಿನ ಹುಟ್ಟಿದವನು ಇನ್ನೈದು ವರ್ಷ ಸಮರ್ಥ!

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ್ದು 2008ರಲ್ಲಿ. ನನಗೆ ಎರಡು ವರ್ಷ ಹೆಚ್ಚು ಸಿಕ್ಕಿತು. ಆ ದಿನ ಶಿಕ್ಷಕರ ಕೊಠಡಿಯಲ್ಲಿ ಹಿರಿಯರೆಲ್ಲ ಕಾಫಿ ತರಿಸಿ ಕುಡಿದೆವು. ಮುಖ್ಯೋಪಾಧ್ಯಾಯರ ಹುದ್ದೆಗೆ ಕಾದಿದ್ದ ಸಹೋದ್ಯೋಗಿಯೊಬ್ಬರು ಮಾತ್ರ ಕಾಪಿ ಪುಸ್ತಕಗಳನ್ನು ತಿದ್ದುತ್ತಾ ತಲೆ ಎತ್ತಲಿಲ್ಲ. ಅಮೆರಿಕದ ಸಹಚಾಲಕರ ಅಸಮಾಧಾನದ ಬಗ್ಗೆ ಓದುವಾಗ ನನಗೆ ಅವರ ಮುಖ ನೆನಪಾಗುತ್ತದೆ.

ವಯಸ್ಸು ಎಂಬುದೇ ನಮ್ಮಲ್ಲಿ ಎಂಥ ದಾಖಲೆ ಎಂಬುದನ್ನೂ ಇಲ್ಲಿ ಹೇಳಬೇಕು. ನನ್ನ ತಲೆಮಾರಿನ ಹಳ್ಳಿಯ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟು ಎನ್ನುತ್ತಿದ್ದರು. ಕೈ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ಮೇಷ್ಟ್ರು ಅಡ್ಮಿಷನ್ ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಊರಿನ ಅರ್ಧ ಮಕ್ಕಳ ಜನ್ಮದಿನ ಅದೇ! ಆ ತೋಳಿನ ಉದ್ದವೇ ಮುಂದೆ ಅವರ ನಿವೃತ್ತಿಯ ದಿನವನ್ನೂ ನಿರ್ಧರಿಸಿತು.

ಹಾಗಾದರೆ ವಯಸ್ಸಿನ ಮಿತಿಯೇ ಬೇಡವೆ? ಬೇಡವೆನ್ನುವವರ ಬಳಿ ದೊಡ್ಡ ಹೆಸರುಗಳಿವೆ. 1989ರ ಫೆಬ್ರವರಿಯಲ್ಲಿ ಹೊನೊಲುಲುವಿನಿಂದ ಹೊರಟ ಯುನೈಟೆಡ್ ಸಂಸ್ಥೆಯ ಜಂಬೋ ವಿಮಾನದ ಸರಕು ಬಾಗಿಲು ಆಕಾಶದಲ್ಲಿ ಕಿತ್ತುಹೋಯಿತು; 9 ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಉಳಿದ 346 ಮಂದಿಯನ್ನು ನೆಲಕ್ಕೆ ತಂದ ಕ್ಯಾಪ್ಟನ್ ಡೇವಿಡ್ ಕ್ರೋನಿನ್ ಅವರಿಗೆ 59 ವರ್ಷ, ನಿವೃತ್ತಿಯ ಅಂಚಿನಲ್ಲಿದ್ದರು. ಅದೇ ವರ್ಷ ಜುಲೈಯಲ್ಲಿ ನಿಯಂತ್ರಣ ವ್ಯವಸ್ಥೆಯನ್ನೆಲ್ಲ ಕಳೆದುಕೊಂಡ ವಿಮಾನವನ್ನು ಸೂ ಸಿಟಿಯಲ್ಲಿ ಇಳಿಸಿದ ಆಲ್ ಹೇನ್ಸ್ ಅವರಿಗೆ 57. 2009ರ ಜನವರಿ 15ರಂದು ಹಡ್ಸನ್ ನದಿಯ ಮೇಲೆ 155 ಜನರನ್ನು ಉಳಿಸಿದ ಸಲ್ಲೆನ್‌ಬರ್ಗರ್ ಅವರಿಗೂ 57. ಅನುಭವದ ಬೆಲೆ ಇದರಿಂದ ತಿಳಿಯುತ್ತದೆ, ನಿಜ. ಆದರೆ ಮೂವರೂ 60ರ ಒಳಗಿನವರೇ! 67ರ ವಾದಕ್ಕೆ ಇವರನ್ನು ಸಾಕ್ಷಿಗೆ ಕರೆಯುವುದು ತರ್ಕಕ್ಕೆ ಒಪ್ಪುವುದಿಲ್ಲ. ಅದೂ ಅಲ್ಲದೆ, ಹೇನ್ಸ್ ಅವರು ತಮ್ಮೊಬ್ಬರ ಸಾಹಸವೆಂದು ಎಂದೂ ಹೇಳಿಕೊಳ್ಳಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲರ ಸಹಕಾರವನ್ನೇ ನೆನೆಯುತ್ತಿದ್ದರು.

ಹಠಾತ್ ಸಾವಿನ ಭಯವನ್ನೂ ನಾನು ದೊಡ್ಡದೆಂದು ಎಣಿಸುವುದಿಲ್ಲ. 2009ರ ಜೂನ್ 18ರಂದು ಬ್ರಸೆಲ್ಸ್‌ನಿಂದ ನೆವಾರ್ಕ್‌ಗೆ ಬರುತ್ತಿದ್ದ ಕಾಂಟಿನೆಂಟಲ್ ಸಂಸ್ಥೆಯ ವಿಮಾನದ ಕ್ಯಾಪ್ಟನ್, 60 ವರ್ಷದವರು, ಅಟ್ಲಾಂಟಿಕ್ ಸಾಗರದ ಮೇಲೆಯೇ ತೀರಿಕೊಂಡರು. ಉಳಿದ ಇಬ್ಬರು ಪೈಲಟ್‌ಗಳು 247 ಪ್ರಯಾಣಿಕರನ್ನು ಕ್ಷೇಮವಾಗಿ ಇಳಿಸಿದರು. ಎರಡನೆಯ ಆಸನ ಇರುವುದೇ ಅದಕ್ಕೆ.

ನನ್ನ ಚಿಂತೆ ಬೇರೆ. ನಿಧಾನವಾಗಿ ಬರುವ ಇಳಿತ ಯಾರಿಗೂ ಕಾಣುವುದಿಲ್ಲ. ಇರುಳಿನಲ್ಲಿ ದೀಪಗಳನ್ನು ಗುರುತಿಸುವುದು ಅರೆಕ್ಷಣ ತಡವಾಗುತ್ತದೆ, ರೇಡಿಯೋದಲ್ಲಿ ಬಂದ ಸೂಚನೆಯನ್ನು ಮತ್ತೆ ಕೇಳಬೇಕಾಗುತ್ತದೆ. ಅನುಭವವಿರುವವನು ಇದನ್ನು ಚೆನ್ನಾಗಿ ಮರೆಮಾಚಬಲ್ಲ, ತನ್ನಿಂದಲೇ ಕೂಡ. ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಇದೆ, ಸಿಮ್ಯುಲೇಟರ್ ಪರೀಕ್ಷೆಯೂ ಇದೆ. ಸಾಲದೆ ಎಂದು ಕೇಳಬಹುದು. ಆ ಸಿಮ್ಯುಲೇಟರಿನಲ್ಲಿ ಪರೀಕ್ಷಿಸುವವನು ಬಹುಮಟ್ಟಿಗೆ ಅದೇ ಸಂಸ್ಥೆಯ ಪೈಲಟ್. ಹಲವೊಮ್ಮೆ ಪರೀಕ್ಷೆಗೆ ಕೂತವನೇ ಅವನಿಗೆ ಹಿಂದೆ ಕಲಿಸಿದವನಾಗಿರುತ್ತಾನೆ. ಮೂರು ದಶಕಗಳಿಗೂ ಮಿಕ್ಕಿ ಉತ್ತರ ಪತ್ರಿಕೆ ತಿದ್ದಿದವನು ನಾನು. ಪತ್ರಿಕೆಯ ಮೇಲೆ ಹೆಸರಿಲ್ಲದೆ ಬರೀ ನೋಂದಣಿ ಸಂಖ್ಯೆ ಇರುವುದು ಯಾಕೆಂದು ನನ್ನ ವಿದ್ಯಾರ್ಥಿಗಳಾದ ನಿಮಗೆಲ್ಲ ಗೊತ್ತು. ಪರಿಚಯದ ಮುಖ ಎದುರಿಗಿದ್ದರೆ ಕೆಂಪು ಶಾಯಿ ತಡವರಿಸುತ್ತದೆ. ಗುರುವಿನಂಥ ಹಿರಿಯನಿಗೆ "ಇನ್ನು ನಿಮ್ಮಿಂದ ಆಗದು" ಎಂದು ಹೇಳುವ ಗಟ್ಟಿತನ ಎಷ್ಟು ಜನರಿಗಿದೆ?

ಹುಟ್ಟಿದ ದಿನಾಂಕದ ನಿಯಮ ಒರಟಾದುದು, ಅನ್ಯಾಯದ್ದೂ ಹೌದು. ಆದರೆ ಅದು ಯಾರನ್ನೂ ಅವಮಾನಿಸುವುದಿಲ್ಲ. ನೀನು ಅನುತ್ತೀರ್ಣನಾದೆ ಎನ್ನುವುದಿಲ್ಲ, ದಿನ ಬಂತು ಎನ್ನುತ್ತದಷ್ಟೆ. ಹಾರ ಹಾಕಿ ಬೀಳ್ಕೊಡುತ್ತಾರೆ. ಯಾರೂ ಮಾಡಲೊಲ್ಲದ ಕೆಲಸವನ್ನು ಕ್ಯಾಲೆಂಡರ್ ಮಾಡಿಕೊಡುತ್ತದೆ. ಸಂಖ್ಯೆಯನ್ನು ಮೇಲಕ್ಕೆ ಸರಿಸುವವರು ಆ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ ಎಂಬುದನ್ನು ಮೊದಲು ಹೇಳಬೇಕು.

2023ರಲ್ಲಿ ಅಮೆರಿಕದ ಕೆಳಮನೆ 67ರ ಮಿತಿಯನ್ನು ಒಪ್ಪಿದಾಗ ಇದನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಪೈಲಟ್‌ಗಳ ಕೊರತೆ ಎಂಬುದೇ ಮುಖ್ಯ ವಾದವಾಯಿತು. ಕೊರೊನಾ ಬಂದ 2020ರಲ್ಲಿ ಸಾವಿರಾರು ಹಿರಿಯ ಪೈಲಟ್‌ಗಳಿಗೆ ಹಣ ಕೊಟ್ಟು ಬೇಗ ನಿವೃತ್ತಿ ಕೊಡಿಸಿದುದು ಅದೇ ಉದ್ಯಮ! ಮೇಲ್ಮನೆಯ ಸಮಿತಿಯು 2024ರ ಫೆಬ್ರವರಿಯಲ್ಲಿ 14-13 ಮತಗಳಿಂದ ಇದನ್ನು ತಿರಸ್ಕರಿಸಿತು. ಮೇ ತಿಂಗಳಲ್ಲಿ ಕಾಯ್ದೆಯಾದಾಗ 65 ಹಾಗೆಯೇ ಉಳಿಯಿತು. ಪೈಲಟ್‌ಗಳ ಸಂಘ ಈ ಸಲ ಏರಿಕೆಯ ವಿರುದ್ಧವಿತ್ತು. ಒಂದು ತೊಡಕನ್ನು ಮಾತ್ರ ಅದು ಸರಿಯಾಗಿ ತೋರಿಸಿಕೊಟ್ಟಿತು. ಅಂತರರಾಷ್ಟ್ರೀಯ ಮಿತಿ 65 ಇರುವಾಗ, ಅದನ್ನು ದಾಟಿದ ಹಿರಿಯರು ವಿದೇಶಕ್ಕೆ ಹೋಗುವ ದೊಡ್ಡ ವಿಮಾನ ಬಿಟ್ಟು ದೇಶದೊಳಗಿನ ಚಿಕ್ಕ ವಿಮಾನಕ್ಕೆ ಇಳಿಯಬೇಕು. ಅವರಿಗೆ ಹೊಸ ತರಬೇತಿ, ಅವರಿಂದ ಜಾಗ ಕಳೆದುಕೊಂಡವರಿಗೆ ಮತ್ತೊಂದು ತರಬೇತಿ. 2025ರಲ್ಲಿ ಅಂತರರಾಷ್ಟ್ರೀಯ ಮಿತಿಯನ್ನೇ 67ಕ್ಕೆ ಏರಿಸಬೇಕೆಂದು ವಿಮಾನ ಸಂಸ್ಥೆಗಳ ಒಕ್ಕೂಟ ಕೇಳಿತು, ಅದೂ ಕೈಗೂಡಲಿಲ್ಲ.

ನಮ್ಮ ದೇಶದಲ್ಲಿಯೂ ಕಾನೂನಿನ ಮಿತಿ 65. ಏರ್ ಇಂಡಿಯಾ ಸಂಸ್ಥೆ 58ಕ್ಕೆ ನಿವೃತ್ತಿ ಕೊಡುತ್ತಿದ್ದ ತನ್ನ ಪೈಲಟ್‌ಗಳಿಗೆ 2025ರಲ್ಲಿ 65ರವರೆಗೆ ಅವಕಾಶ ಕೊಟ್ಟಿತು. ಹೊಸ ವಿಮಾನಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿಕೊಳ್ಳುತ್ತಿರುವಾಗ ಅದು ಸಹಜ. 67ರ ಬೇಡಿಕೆ ಇಲ್ಲಿಗೂ ಬಂದರೆ ಆಶ್ಚರ್ಯವಿಲ್ಲ.

ಬಂದಾಗ ನಾನು ಬೇಡವೆನ್ನುವವನಲ್ಲ, ಆದರೆ ನನ್ನದೊಂದು ಷರತ್ತಿದೆ. 60 ದಾಟಿದವರನ್ನು ಪರೀಕ್ಷಿಸುವವರು ಬೇರೆ ಸಂಸ್ಥೆಯವರಾಗಿರಬೇಕು, ಮುಖ ಪರಿಚಯ ಇಲ್ಲದವರಾಗಿರಬೇಕು. ರಕ್ತದೊತ್ತಡ, ಇಸಿಜಿಗಳ ಜೊತೆಗೆ ನೆನಪು ಮತ್ತು ಗಮನದ ಪರೀಕ್ಷೆಯೂ ಇರಬೇಕು. ನಮ್ಮ ಬೆಂಗಳೂರಿನಲ್ಲೇ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ, ನಾಗರಿಕ ಪೈಲಟ್‌ಗಳೂ ತಪಾಸಣೆಗೆ ಬರುವ ಸ್ಥಳ; ಇಂಥ ಪರೀಕ್ಷೆಯನ್ನು ರೂಪಿಸಬಲ್ಲವರು ನಮ್ಮಲ್ಲಿಲ್ಲವೆನ್ನಲಾಗದು. ಹಾರಾಟಕ್ಕೆ ತಕ್ಕವನಲ್ಲ ಎಂದು ತೀರ್ಮಾನವಾದವನಿಗೆ ತರಬೇತಿ ಕೇಂದ್ರದಲ್ಲಿ ಗೌರವದ ಕೆಲಸವೂ, ಕುಂದದ ಸಂಬಳವೂ ಇರಬೇಕು. ಇಲ್ಲವಾದರೆ ಕಾಯಿಲೆ ಬಚ್ಚಿಡುವವರೇ ಹೆಚ್ಚುತ್ತಾರೆ. ಇಷ್ಟು ಏರ್ಪಾಡು ಆಗುವವರೆಗೆ 65 ಇರಲಿ.

ತಂಗಿಯ ಮಗನಿಗೆ ಇದು ಒಪ್ಪಿಗೆಯಾಗುವುದೋ ಇಲ್ಲವೋ ಕಾಣೆ. ನಿಮ್ಮಲ್ಲಿ ವಿಮಾನಯಾನ ಕ್ಷೇತ್ರದಲ್ಲಿರುವವರು ಒಬ್ಬಿಬ್ಬರಾದರೂ ಇದ್ದೀರಿ. ಸಿಮ್ಯುಲೇಟರಿನೊಳಗೆ ನಿಜಕ್ಕೂ ಏನು ನಡೆಯುತ್ತದೆಂದು ಬಿಡುವಾದಾಗ ಬರೆದು ತಿಳಿಸಿ.