ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರಿನಲ್ಲಿ ಸತ್ತಿದೆ!

ಎಂ, ಎ, ಎಲ್, ಇ. ಈ ನಾಲ್ಕು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ. ಮಳೆಯೋ? ಮಲೆಯೋ? ಮಾಲೆಯೋ? ಇಂಗ್ಲಿಷಿನವನು ಓದಿದರೆ ಗಂಡಸು! ಕನ್ನಡ ನಾಡಿನ ಎಷ್ಟೋ ಲೈಬ್ರರಿಗಳ ಕಂಪ್ಯೂಟರಿನಲ್ಲಿ ಕನ್ನಡ ಪುಸ್ತಕಗಳು ಹೀಗೆ ಕೂತಿವೆ.

ನಾನು ಮಧುಗಿರಿ ಕಡೆಯ ಪ್ರೆಸ್ಸಿನವನು. ಪಿಯುಸಿಗೇ ಓದು ಮುಗಿಸಿ ಮೊಳೆ ಜೋಡಿಸಲು ಕೂತವನು. ಸಿದ್ದರಬೆಟ್ಟದ ಗಿಡಮೂಲಿಕೆಗಳ ಮೇಲೆ ಒಬ್ಬ ಮೇಷ್ಟ್ರು ಬರೆದ ಸಣ್ಣ ಪುಸ್ತಕ ನಮ್ಮಲ್ಲೇ ಅಚ್ಚಾಗಿತ್ತು. 500 ಪ್ರತಿ. ಮೇಷ್ಟ್ರು ತೀರಿಕೊಂಡರು, ನಮ್ಮಲ್ಲೂ ಪ್ರತಿ ಉಳಿಯಲಿಲ್ಲ. ಕೊರಟಗೆರೆಯ ಹುಡುಗಿಯೊಬ್ಬಳು ಸಂಶೋಧನೆಗೆಂದು ಅದನ್ನು ಹುಡುಕಿಕೊಂಡು ಬೆಂಗಳೂರಿನ ಒಂದು ಲೈಬ್ರರಿಗೆ ಹೋದಳು. ಕನ್ನಡದಲ್ಲಿ ಟೈಪ್ ಮಾಡಿದಳು, ಇಲ್ಲ. ಇಂಗ್ಲಿಷಿನಲ್ಲಿ ಒಂದು 'ಡಿ' ಹಾಕಿದಳು, ಎರಡು ಹಾಕಿದಳು, 'ಎಚ್' ಸೇರಿಸಿದಳು, ಇಲ್ಲವೇ ಇಲ್ಲ. ಎರಡು ದಿನ ಕಪಾಟು ತಡಕಿದ ಮೇಲೆ ಧೂಳಿನಲ್ಲಿ ಸಿಕ್ಕಿತು!

1867ರ ಬ್ರಿಟಿಷ್ ಕಾಯ್ದೆ ಮುದ್ರಕರಿಂದ ಪುಸ್ತಕದ ಪ್ರತಿ ಕೇಳುತ್ತಿತ್ತು. ಹೆಸರು, ಭಾಷೆ, ಬರೆದವರು, ಪುಟ, ಬೆಲೆ, ಎಷ್ಟು ಪ್ರತಿ ಎಲ್ಲ ಪಟ್ಟಿಯಾಗಬೇಕಿತ್ತು. ನಮ್ಮ ಮೇಲೊಂದು ಕಣ್ಣಿಡುವ ಬುದ್ಧಿಯೂ ಅದರಲ್ಲಿತ್ತು, ಇರಲಿ. ಪಟ್ಟಿಯ ಬೆಲೆ ಪರಕೀಯನಿಗೆ ಗೊತ್ತಿತ್ತು. ನಮ್ಮವರಿಗೆ?

ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ 2008ರಲ್ಲೇ ತನ್ನ 'ಲಿಬ್ರಿಸ್' ಪಟ್ಟಿಯನ್ನು ಸೆಮ್ಯಾಂಟಿಕ್ ವೆಬ್ಬಿಗೆ ಬಿಟ್ಟಿತು. ಹೆದರಬೇಡಿ, ಹೆಸರು ದೊಡ್ಡದು, ವಿಷಯ ಸರಳ. ಪ್ರತಿ ಲೇಖಕನಿಗೆ, ಪುಸ್ತಕಕ್ಕೆ, ಊರಿಗೆ ಇಂಟರ್ನೆಟ್ಟಿನಲ್ಲಿ ಒಂದು ಕಾಯಂ ವಿಳಾಸ. ಕನ್ನಡದ ಹೆಸರು, ಇಂಗ್ಲಿಷಿನ ಹತ್ತು ಕಾಗುಣಿತ ಎಲ್ಲವೂ ಆ ಒಂದೇ ವಿಳಾಸಕ್ಕೆ ಅಂಟಿಕೊಂಡಿರುತ್ತವೆ. ಕುವೆಂಪು, ಕೆ.ವಿ. ಪುಟ್ಟಪ್ಪ ಇಬ್ಬರಲ್ಲ, 'ಶ್ರೀನಿವಾಸ' ಎಂದರೆ ಮಾಸ್ತಿ ಎಂದು ಯಂತ್ರಕ್ಕೂ ತಿಳಿಯುತ್ತದೆ. ಸಿರಾ ತಾಲ್ಲೂಕಿನ ಬರಗೂರು, ಆ ಊರಿನ ಬರಗೂರು ರಾಮಚಂದ್ರಪ್ಪ, ಅವರ ಪುಸ್ತಕ, ಅದು ಇರುವ ಲೈಬ್ರರಿ, ಒಂದಕ್ಕೊಂದು ಕೊಂಡಿ. ಪಾವಗಡದಲ್ಲಿ ಕೂತು ಕೇಳಿದರೆ ಧಾರವಾಡದ ಕಪಾಟು ಉತ್ತರ ಕೊಡಬೇಕು!

ದುಡ್ಡಿಲ್ಲ ಎಂದು ರಾಗ ಎಳೆಯುತ್ತಾರೆ. ಯಾಕ್ರೀ ಇಲ್ಲ? 1965ರ ಕಾಯ್ದೆಯ ಹೆಸರಿನಲ್ಲಿ ಆಸ್ತಿ ತೆರಿಗೆಯ ಜೊತೆ ನಮ್ಮಿಂದ ಗ್ರಂಥಾಲಯ ಕರ ವಸೂಲಾಗುತ್ತದೆ. ನ್ಯೂಜಿಲೆಂಡಿನ ಒಂದು ಸಣ್ಣ ಲೈಬ್ರರಿಗಾಗಿ ಹುಟ್ಟಿದ 'ಕೊಹಾ' ತಂತ್ರಾಂಶ 2000ದಿಂದ ಪುಕ್ಕಟೆ ಸಿಗುತ್ತಿದೆ, ಅದಕ್ಕೆ ಯೂನಿಕೋಡ್ ಕನ್ನಡವೂ ಬರುತ್ತದೆ. ಕನ್ನಡ ಟೈಪಿಂಗ್ ಬರುವವರಿಲ್ಲವಂತೆ. ಕರ್ನಾಟಕದಲ್ಲಿ!

ನಮ್ಮ ಪ್ರೆಸ್ಸಿನವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ಹಳೆ ಫಾಂಟುಗಳಲ್ಲೇ ಕಂಪೋಸ್ ಮಾಡಿದೆವು. ಆ ಫೈಲು ಇವತ್ತು ತೆರೆದರೆ ಬರೀ ಗೀಚು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲೂ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇದ್ದವು. ಅವನ್ನು ಕನ್ನಡಕ್ಕೆ ತಿರುಗಿಸಲು ಕೂತವರು ಯಾರು? ಇಲಾಖೆಯಲ್ಲ. 'ಸಂಚಯ' ತಂಡ ಕರೆದಾಗ ಸಂಬಳವಿಲ್ಲದೆ ಬಂದ ನಿಮ್ಮಂಥ ಹುಡುಗ ಹುಡುಗಿಯರು.

ಬೋರ್ಡಿಗೆ ಮಸಿ ಬಳಿಯುವ ಹುರುಪಿನಲ್ಲಿ ಅರ್ಧವಾದರೂ ಇತ್ತ ತಿರುಗಲಿ. ನಿಮ್ಮ ಲೈಬ್ರರಿಗೆ ಹೋಗಿ, ಕನ್ನಡ ಅಕ್ಷರದಲ್ಲಿ ಹುಡುಕಿ. ಸಿಗದಿದ್ದರೆ ಅಲ್ಲೇ ಕೂತು ಅರ್ಜಿ ಬರೆಯಿರಿ: ಪಟ್ಟಿ ಕನ್ನಡದಲ್ಲಾಗಲಿ, ಎಲ್ಲರಿಗೂ ತೆರೆದಿರಲಿ, ಬೇರೆ ಲೈಬ್ರರಿಗಳ ಜೊತೆ ಕೊಂಡಿ ಬೀಳಲಿ. 2012ರಿಂದ ವಿಕಿಡೇಟಾ ಇದೆ, ಯಾರ ಅಪ್ಪಣೆಯೂ ಬೇಡ. ನಿಮ್ಮೂರ ಲೇಖಕರ ವಿವರ ಅಲ್ಲಿ ತುಂಬಿ.

ಆ ಹುಡುಗಿ ತಂದ ಜೆರಾಕ್ಸ್ ನನ್ನ ಮೇಜಿನ ಮೇಲಿದೆ. ಮೇಷ್ಟ್ರ ಪುಸ್ತಕವನ್ನು ಯೂನಿಕೋಡಿನಲ್ಲಿ ಮತ್ತೆ ಕಂಪೋಸ್ ಮಾಡುತ್ತಿದ್ದೇನೆ. ಹನ್ನೆರಡು ಪುಟ ಆಗಿದೆ.