ಡಬ್ಬಿ ಹುಡುಕುವ ಕಾಲುಗಳು

ಜಿಪಿಎಸ್ ಉಪಗ್ರಹಗಳ ಸಂಕೇತಗಳಲ್ಲಿ ಬೇಕೆಂದೇ ಬೆರೆಸಿದ್ದ ದೋಷವನ್ನು ಅಮೆರಿಕ ಸರ್ಕಾರವು 2000ದ ಮೇ 2ರಂದು ತೆಗೆದುಹಾಕಿತು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಬಕೆಟ್ಟೊಂದನ್ನು ಅಡಗಿಸಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಪ್ರಕಟಿಸಿದರು. ಜಿಯೋಕ್ಯಾಶಿಂಗ್ ಆಟ ಹುಟ್ಟಿದ್ದು ಹೀಗೆ. ಇಂದು ಮನೆಮಂದಿಯೆಲ್ಲ ಇಂಥ ಡಬ್ಬಿಗಳನ್ನು ಅರಸುತ್ತ ಹಳ್ಳಿಗಾಡಿನಲ್ಲಿ ನಡೆಯುತ್ತಾರೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲಿಯೇ ಇಡುತ್ತಾರೆ. ಮಕ್ಕಳನ್ನು ಮನೆಯಿಂದ ಹೊರಗೆ ಕರೆತರುವ ಆಟ ಸ್ವಾಗತಾರ್ಹವೇ, ಕೈಯಲ್ಲಿ ಮೊಬೈಲ್ ಇದ್ದರೂ ಚಿಂತೆಯಿಲ್ಲ. ಡಬ್ಬಿಯನ್ನು ಹೂಳಬಾರದೆಂಬ ನಿಯಮವೂ, ದಾರಿಯ ಕಸ ಹೆಕ್ಕಿ ತರುವ ರೂಢಿಯೂ ಅದರಲ್ಲಿವೆ.

ನಮ್ಮ ಆತಂಕವಿರುವುದು ಹುಡುಕುವ ಕಾಲುಗಳ ಬಗ್ಗೆ. ಒಂದೇ ಜಾಗಕ್ಕೆ ನೂರಾರು ಜನ ದಾರಿ ಬಿಟ್ಟು ನುಗ್ಗಿದರೆ ಪಾಚಿ, ಸಸಿಗಳು ನಲುಗಿ ಹೊಸ ಕಾಲುದಾರಿ ಮೂಡುತ್ತದೆ. ಇಳಿಜಾರಿನಲ್ಲಿ ಮಳೆನೀರು ಅದನ್ನೇ ಕೊರಕಲಾಗಿಸುತ್ತದೆ. ಗುಡ್ಡದ ಹುಲ್ಲುಗಾವಲನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

ಅಮೆರಿಕದ ಭೂವಿಜ್ಞಾನ ಸಂಘವು 2004ರಲ್ಲಿ ಆರಂಭಿಸಿದ ‘ಅರ್ಥ್‌ಕ್ಯಾಶ್’ನಲ್ಲಿ ಡಬ್ಬಿಯೇ ಇಲ್ಲ. ಬಂಡೆಯನ್ನೋ ಜಲಪಾತವನ್ನೋ ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಶಾಲಾ ಚಾರಣಗಳಿಗೆ ಶಿಕ್ಷಕರು ಈ ಕ್ರಮವನ್ನು, ಈಗಿರುವ ದಾರಿಗಳ ಬದಿಯಲ್ಲಿಯೇ, ಅಳವಡಿಸಿಕೊಳ್ಳಲಿ. ಸೀತಾಳೆ ಹೂವಿನ ಮರದ, ಹಕ್ಕಿ ಗೂಡಿನ ನಿಖರ ಸ್ಥಾನಗಳನ್ನು ಮಾತ್ರ ಯಾರೂ ಪ್ರಕಟಿಸದಿರಲಿ.