ಪೆಟ್ರೋಲೋ? ಡೀಸೆಲೋ?

ಹೊಸ ಕಾರಿಗೆ ಪೆಟ್ರೋಲ್ ಇಂಜಿನ್ ಇರಬೇಕೋ ಡೀಸೆಲ್ ಇಂಜಿನ್ ಇರಬೇಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಮೂರು ವಾರ ನಡೆಯಿತು. ಎಸ್‌ಯುವಿ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಮನೆಯಾಕೆಗೆ ಮಂಡಿ ನೋವು. ತಗ್ಗಿನ ಕಾರಿನಿಂದ ಮೇಲೇಳಬೇಕಾದರೆ ಇಬ್ಬರು ಕೈ ಕೊಡಬೇಕು. ಸೀಟು ಎತ್ತರದಲ್ಲಿದ್ದರೆ ಕುರ್ಚಿಯಿಂದ ಎದ್ದ ಹಾಗೆ ಎದ್ದು ಬರಬಹುದು. ತಕರಾರು ಇದ್ದದ್ದು ಟ್ಯಾಂಕಿಗೆ ಏನು ಸುರಿಯುವುದು ಎಂಬುದರಲ್ಲಿ.

ಮಗನ ವಾದ ಚಿಕ್ಕದು. "ಡೀಸೆಲ್ ಲೀಟರಿಗೆ ಹನ್ನೆರಡು ರೂಪಾಯಿ ಕಡಿಮೆ, ಮೈಲೇಜೂ ಜಾಸ್ತಿ. ಇನ್ನೇನು ಯೋಚನೆ ಅಪ್ಪಾ?" ಯೋಚನೆ ಏನೆಂದರೆ, ಡೀಸೆಲ್ ಮಾದರಿಗೆ ಸುಮಾರು ಒಂದೂವರೆ ಲಕ್ಷ ಹೆಚ್ಚು ಕೊಡಬೇಕು. ಆ ಹೆಚ್ಚಿನ ಹಣಕ್ಕೆ ನಮ್ಮಿಬ್ಬರ ಹೆಸರಿನಲ್ಲಿರುವ ಒಂದು ಎಫ್‌ಡಿ ಮುರಿಸುವ ಮಾತು ಬಂತು. ಅದು ಆಸ್ಪತ್ರೆ ಖರ್ಚಿಗೆಂದು ಎತ್ತಿಟ್ಟದ್ದು. ಸರಿ, ಲೆಕ್ಕದ ಪುಸ್ತಕ ತೆಗೆಯಲೇಬೇಕಾಯಿತು.

ಲೆಕ್ಕಕ್ಕಿಂತ ಮೊದಲು ಇಂಜಿನ್ ವಿಷಯ. ಏಳನೇ ತರಗತಿಯ ಮೊಮ್ಮಗಳು ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದಳು. ಮಕ್ಕಳೇ, ನೀವೂ ಮನೆಯಲ್ಲಿ ಮಾಡಿ ನೋಡಿ. ಸೈಕಲ್ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹತ್ತು ಹದಿನೈದು ಸಲ ಜೋರಾಗಿ ಪಂಪ್ ಮಾಡಿ, ಆಮೇಲೆ ಪಂಪಿನ ಬುಡ ಮುಟ್ಟಿ. ಬೆಚ್ಚಗಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯೇರುತ್ತದೆ; ಡೀಸೆಲ್ ಇಂಜಿನ್ನಿನ ಗುಟ್ಟೆಲ್ಲ ಇಷ್ಟೇ.

ಪೆಟ್ರೋಲ್ ಇಂಜಿನ್ನಿನಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ, ಸುಮಾರು ಹತ್ತನೇ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿ, ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹೊತ್ತಿಸುತ್ತಾರೆ. ಒಲೆಗೆ ಲೈಟರ್ ಹಚ್ಚಿದ ಹಾಗೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಹದಿನಾರನೇ ಒಂದು ಪಾಲಿಗೆ ಒತ್ತಿದಾಗ ಅದರ ಶಾಖ 500 ಡಿಗ್ರಿ ದಾಟುತ್ತದೆ. ಆ ಕುದಿಗಾಳಿಗೆ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದನ್ನು ಕಂಡುಹಿಡಿದವರು ರುಡಾಲ್ಫ್ ಡೀಸೆಲ್. ಇಂಧನಕ್ಕೆ ಮನುಷ್ಯನ ಹೆಸರೇ ನಿಂತುಬಿಟ್ಟಿತು ನೋಡಿ. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಜರ್ಮನ್ ಇಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ತಮ್ಮ ಇಂಜಿನ್ ಓಡಿಸಿ ತೋರಿಸಿದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥದೊಂದು ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು! 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರಿ ಕಾಣೆಯಾದ ಡೀಸೆಲ್ ಮತ್ತೆ ಜೀವಂತವಾಗಿ ಸಿಗಲಿಲ್ಲ. ಮೊಮ್ಮಗಳಿಗೆ ಇಂಜಿನ್ನಿಗಿಂತ ಈ ಕಥೆಯೇ ಹೆಚ್ಚು ಹಿಡಿಸಿತು.

ಹೆಚ್ಚು ಒತ್ತುವುದರಿಂದ ಡೀಸೆಲ್ ಇಂಜಿನ್ ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯುತ್ತದೆ, ಕಡಿಮೆ ವೇಗದಲ್ಲೂ ಗಟ್ಟಿಯಾಗಿ ಎಳೆಯುತ್ತದೆ. ಈ ಎಳೆತಕ್ಕೆ ಟಾರ್ಕ್ ಎನ್ನುತ್ತಾರೆ. ಹ್ಯುಂಡೈ ಕ್ರೆಟಾ ಕಾರನ್ನೇ ತೆಗೆದುಕೊಳ್ಳಿ. ಅದರ 1.5 ಲೀಟರಿನ ಸಾಧಾರಣ ಪೆಟ್ರೋಲ್ ಇಂಜಿನ್ನಿಗೂ ಡೀಸೆಲ್ ಇಂಜಿನ್ನಿಗೂ ಅಶ್ವಶಕ್ತಿ ಹೆಚ್ಚುಕಡಿಮೆ ಒಂದೇ, 115ರ ಆಸುಪಾಸು. ಆದರೆ ಟಾರ್ಕ್ ಪೆಟ್ರೋಲಿನಲ್ಲಿ 144, ಡೀಸೆಲಿನಲ್ಲಿ 250 ನ್ಯೂಟನ್ ಮೀಟರ್. ಒಂದು ಜಟಕಾ ಕುದುರೆ, ಇನ್ನೊಂದು ಗದ್ದೆಯ ಎತ್ತು ಎನ್ನಿ. ಐದು ಜನ ಕೂತು, ಹಿಂದೆ ಎರಡು ಮೂಟೆ ಅಕ್ಕಿ ಹಾಕಿಕೊಂಡು ಆಗುಂಬೆ ಘಾಟಿ ಹತ್ತುವಾಗ ಎತ್ತಿನ ಬೆಲೆ ತಿಳಿಯುತ್ತದೆ. ಇದನ್ನು ಮಗನೆದುರು ಒಪ್ಪಿಕೊಂಡೇ ಲೆಕ್ಕಕ್ಕೆ ಕೂತೆ.

ಡೀಸೆಲ್ ಎಂದರೆ ಅಗ್ಗ ಎಂಬ ನಂಬಿಕೆ ನಮ್ಮ ಕಾಲದ್ದು. ಪೆಟ್ರೋಲ್ ದರದ ಮೇಲಿನ ಹಿಡಿತವನ್ನು ಸರ್ಕಾರ 2010ರ ಜೂನ್‌ನಲ್ಲಿ ಬಿಟ್ಟಿತು, ಡೀಸೆಲಿನದನ್ನು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಅಂತರ ಭಾರೀ ಇತ್ತು: 2012ರ ಮೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ 41. ಆಗ ಡೀಸೆಲ್ ಕಾರು ಕೊಂಡವರು ಜಾಣರೇ. ನಾನು ಲೆಕ್ಕ ಹಾಕಿದ್ದು ಪೆಟ್ರೋಲ್ 103, ಡೀಸೆಲ್ 91 ಎಂದು. ಅಂತರ 32ರಿಂದ 12ಕ್ಕೆ ಇಳಿದಿದೆ.

ಮೈಲೇಜಿಗೆ ಕಂಪನಿಯ ಪರೀಕ್ಷೆಯ ಅಂಕಿ ನಾನು ಹಿಡಿಯಲಿಲ್ಲ. ಅದರಲ್ಲಿ ನಮ್ಮ ಸಿಗ್ನಲ್‌ಗಳೂ ಹಂಪ್‌ಗಳೂ ಇರುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಕಬ್ಬು, ಮೆಕ್ಕೆಜೋಳದಿಂದ ತೆಗೆಯುವ ಈ ಎಥೆನಾಲಿಗೆ ಪೆಟ್ರೋಲಿನಷ್ಟು ಕಸುವಿಲ್ಲ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಪೆಟ್ರೋಲಿಗೆ ಲೀಟರಿಗೆ 14 ಕಿಲೋಮೀಟರ್, ಡೀಸೆಲಿಗೆ 18 ಎಂದಿಟ್ಟುಕೊಂಡೆ. ಮಕ್ಕಳೇ, ಭಾಗಾಕಾರ ನೀವೇ ಮಾಡಿ. ಪೆಟ್ರೋಲಿಗೆ ಕಿಲೋಮೀಟರಿಗೆ 7 ರೂಪಾಯಿ 36 ಪೈಸೆ, ಡೀಸೆಲಿಗೆ 5 ರೂಪಾಯಿ 6 ಪೈಸೆ. ಉಳಿತಾಯ 2 ರೂಪಾಯಿ 30 ಪೈಸೆ.

ಇನ್ನು ಹೆಚ್ಚು ಕೊಡುವ ಹಣ. ಒಂದೂವರೆ ಲಕ್ಷ ಎಂಬುದು ಷೋರೂಮಿನವರ ಮಾತು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 17, ಅದರ ಮೇಲೆ ಸೆಸ್. ಆ ಒಂದೂವರೆ ಲಕ್ಷಕ್ಕೂ ತೆರಿಗೆ ಬೀಳುತ್ತದಲ್ಲ! ಅದೇ 28 ಸಾವಿರ. ವಿಮೆಯ ವ್ಯತ್ಯಾಸವೂ ಸೇರಿದರೆ 1,80,000 ಎನ್ನಬಹುದು. ಇದನ್ನು 2 ರೂಪಾಯಿ 30 ಪೈಸೆಯಿಂದ ಭಾಗಿಸಿದರೆ 78 ಸಾವಿರ ಕಿಲೋಮೀಟರ್. ಅಷ್ಟು ಓಡಿದ ಮೇಲೆಯೇ ಕೊಟ್ಟ ಹಣ ಕೈಗೆ ಬರುವುದು, ಅದೂ ಬಡ್ಡಿಯಿಲ್ಲದೆ.

ಬಡ್ಡಿ ಬಿಟ್ಟು ಲೆಕ್ಕ ಹಾಕಲು ನನಗೆ ಬರುವುದಿಲ್ಲ, ಕ್ಷಮಿಸಿ. ಆ 1,80,000ವನ್ನು ಶೇ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸಾಲ ತಂದರೆ ತಿಂಗಳ ಕಂತು 2,900 ರೂಪಾಯಿ. ಕಂತಿನಷ್ಟಾದರೂ ಉಳಿಯಬೇಕಾದರೆ ತಿಂಗಳಿಗೆ 1,260 ಕಿಲೋಮೀಟರ್ ಓಡಬೇಕು. ಸಾಲ ಬೇಡ, ಎಫ್‌ಡಿ ಮುರಿಸೋಣ ಎಂದರೆ ಶೇ 7ರಂತೆ ತಿಂಗಳಿಗೆ 1,050 ರೂಪಾಯಿ ಬಡ್ಡಿ ಕೈಬಿಡುತ್ತದೆ, ಅಸಲೂ ಕಾರಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಕಾರು ಮಾರುವಾಗ ಡೀಸೆಲಿಗೆ ಒಂದಿಷ್ಟು ಹೆಚ್ಚು ಸಿಗಬಹುದು. ಆದರೆ ರಾತ್ರಿ ಎದೆನೋವು ಬಂದರೆ ಕಾರಿನ ಬಾಗಿಲು ಬಿಚ್ಚಿ ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಲಾಗುವುದಿಲ್ಲವಲ್ಲ.

ನಮ್ಮ ಕಾರು ಓಡುವುದೆಷ್ಟು? ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಮಗ 1,500 ಎಂದ, ಸೊಸೆ 1,000 ಎಂದಳು. ಮೊಮ್ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು ಹಳೆಯ ಕಾರಿನ ಮೀಟರನ್ನು ದಿನಾ ಸಂಜೆ ಬರೆಯಲು ಹೇಳಿದೆ. ಮೈಸೂರಿನಲ್ಲಿ ಶಾಲೆ, ಆಫೀಸು, ತರಕಾರಿ ಸೇರಿ ದಿನಕ್ಕೆ ಇಪ್ಪತ್ತರ ಆಸುಪಾಸು. ಒಂದು ಸಲ ಬೆಂಗಳೂರಿಗೆ ಹೋಗಿ ಬಂದದ್ದು. ಮೂರು ವಾರದ ಸರಾಸರಿ ಹಿಡಿದರೆ ತಿಂಗಳಿಗೆ 800. ಉಳಿತಾಯ 1,840 ರೂಪಾಯಿ, ಕಂತು 2,900. ಮಗ ಪುಸ್ತಕವನ್ನು ಎರಡು ಸಲ ತಿರುವಿ ನೋಡಿದ, ಮಾತಾಡಲಿಲ್ಲ.

ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿ ಇರುತ್ತದೆ. ತುಂಬಿದ ಮಸಿಯನ್ನು ಕಾರು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಹೆದ್ದಾರಿಯಲ್ಲಿ ಒಂದೇ ಸಮನೆ ಹದಿನೈದು ಇಪ್ಪತ್ತು ನಿಮಿಷ ಓಡುವ ಬಿಸಿ ಬೇಕು. ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ನಿಲ್ಲುವ ಕಾರಿನಲ್ಲಿ ಆ ಬಿಸಿ ಬರುವುದೇ ಇಲ್ಲ. ಜರಡಿ ಕಟ್ಟಿಕೊಳ್ಳುತ್ತದೆ, ದೀಪ ಉರಿಯುತ್ತದೆ, ಗ್ಯಾರೇಜಿನ ದಾರಿ ಹಿಡಿಯಬೇಕು. ಕಾಟ ತಾಳಲಾರದೆ ಜರಡಿಯನ್ನೇ ಕಿತ್ತೆಸೆಯುವವರೂ ಇದ್ದಾರಂತೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಹೇಳಿದೆ. ಅಂಥ ಕಾರು ಶಾಲೆಯ ಗೇಟಿನಲ್ಲಿ ಇಂಜಿನ್ ಆರಿಸದೆ ನಿಂತರೆ ಅದರ ಸೈಲೆನ್ಸರಿನ ಎತ್ತರಕ್ಕೆ ಹತ್ತಿರವಿರುವುದು ಒಂದನೇ ತರಗತಿಯ ಮಕ್ಕಳ ಮೂಗು.

ಹಾಗೆಂದು ಡೀಸೆಲ್ ಎಲ್ಲರಿಗೂ ಬೇಡವೆಂದಲ್ಲ. ನನ್ನ ಸೋದರಳಿಯ ಚಿತ್ರದುರ್ಗದಿಂದ ದಾವಣಗೆರೆಗೆ ದಿನಾ ಹೋಗಿ ಬರುತ್ತಾನೆ, ಸುಮಾರು 120 ಕಿಲೋಮೀಟರ್, ಎಲ್ಲ ಹೆದ್ದಾರಿ. ತಿಂಗಳಿಗೆ 24 ದಿನವೆಂದರೆ 2,900 ಕಿಲೋಮೀಟರ್, ಉಳಿತಾಯ 6,600ಕ್ಕೂ ಮೇಲು. ಕಂತು ಕಟ್ಟಿಯೂ ಮಿಗುತ್ತದೆ, ಜರಡಿಯೂ ತಾನಾಗಿ ಶುದ್ಧವಾಗುತ್ತದೆ. ಅವನು ಫೋನಿನಲ್ಲಿ ಕೇಳಿದಾಗ ಎರಡು ಮಾತಿಲ್ಲದೆ ಡೀಸೆಲ್ ತಗೋ ಎಂದೆ. ನಾವು ಪೆಟ್ರೋಲಿನದಕ್ಕೆ ಮುಂಗಡ ಕೊಟ್ಟೆವು, ಎಫ್‌ಡಿ ಇದ್ದಲ್ಲೇ ಇದೆ.

ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದಾಗ ಅದರ ಒಳಗಿನ ಚೀಟಿ ಓದಿ, ಯಾವ ಇಂಧನವೆಂದು ಗಟ್ಟಿಯಾಗಿ ಹೇಳಿ. ಡೀಸೆಲ್ ತನ್ನ ಪಂಪಿಗೆ ತಾನೇ ಎಣ್ಣೆ ಸವರಿದಂತೆ ಕಾಪಾಡುತ್ತದೆ. ಅಲ್ಲಿ ಪೆಟ್ರೋಲ್ ಬಿದ್ದರೆ ಆ ಜಿಡ್ಡು ತೊಳೆದುಹೋಗಿ ದುಬಾರಿ ಭಾಗಗಳು ಸವೆಯುತ್ತವೆ. ತಪ್ಪಿ ಬೇರೆಯದು ಬಿದ್ದರೆ ಅಪ್ಪ ಅಮ್ಮನಿಗೆ ಕೀ ತಿರುಗಿಸಲು ಬಿಡಬೇಡಿ. ಕಾರನ್ನು ಪಕ್ಕಕ್ಕೆ ತಳ್ಳಿ, ಮೆಕ್ಯಾನಿಕ್ಕನ್ನು ಕರೆಸಿ ಟ್ಯಾಂಕ್ ಖಾಲಿ ಮಾಡಿಸಿದ ಮೇಲೆಯೇ ಇಂಜಿನ್ ಶುರು ಮಾಡಬೇಕು.